ತೋಟ ಇದ್ದರೆ ಸಾಲದು, ಪಾಸ್‌ಬುಕ್ ಬೇಕು

ವನಗೂರಿನ ಬೆಳೆಗಾರರ ಐಶ್ವರ್ಯವೆಲ್ಲ ಕಾಫಿ ತೋಟದಲ್ಲಿ. ಆದರೆ ಮಕ್ಕಳನ್ನು ಓದಲು ಕಳಿಸಹೊರಟರೆ ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಕೇಳುವುದು ಬ್ಯಾಂಕಿನಲ್ಲಿರುವ ಹಣ. ಪಹಣಿಯಲ್ಲಿ ಎಷ್ಟೇ ಎಕರೆ ಇರಲಿ, ಅಲ್ಲಿ ಲೆಕ್ಕಕ್ಕಿಲ್ಲ.

ಮೊದಲ ವರ್ಷದ ಬಾಕಿ ಶುಲ್ಕ, ಜೊತೆಗೆ ಗರಿಷ್ಠ 9 ತಿಂಗಳ ಖರ್ಚಿನ ಹಣ ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು. ನಡುವೆ ಆಳುಗಳ ಬಟವಾಡೆಗೆಂದು ತೆಗೆದು ಒಂದು ದಿನ ಮೊತ್ತ ತಗ್ಗಿದರೂ ಎಣಿಕೆ ಮತ್ತೆ ಒಂದರಿಂದ! ರೊಬಸ್ಟಾ ಕಾಫಿ ಮಾರಿದ ದುಡ್ಡು ಅರ್ಜಿ ಹಾಕುವ ಜೂನ್‌ವರೆಗೂ ಉಳಿಯುವ ಮನೆಗಳು ಎಷ್ಟಿದ್ದಾವು?

ಅಪ್ಪನ ಖಾತೆ ಆದೀತು; ಜನನ ಪ್ರಮಾಣಪತ್ರ, ಒಪ್ಪಿಗೆ ಪತ್ರ ಲಗತ್ತಿಸಬೇಕು. ಚಿಕ್ಕಪ್ಪ ಎಷ್ಟೇ ಉದಾರಿಯಾದರೂ ಅವರ ಖಾತೆ ನಡೆಯದು.

ಜರ್ಮನಿಯದು ಬೇರೆ ದಾರಿ. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟ್ ಎಂಬ ತಡೆಹಿಡಿದ ಖಾತೆಯಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು; ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊ ಕೈಗೆ ಸಿಗುತ್ತದೆ.