ಎರಡನೇ ಸಲ ಕಂಡ 'ಮದುಮಗಳು'

ರಾತ್ರಿ ಎಂಟೂವರೆಯ ಹೊತ್ತಿಗೆ ಶುರುವಾಗಿ ಬೆಳಕು ಹರಿಯೋವರೆಗೂ ನಡೆಯೋ ನಾಟಕಕ್ಕೆ ಎರಡೆರಡು ಸಲ ಯಾರಾದ್ರೂ ಹೋಗ್ತಾರಾ? ನಾನು ಹೋಗಿದ್ದೆ. ಮೊದಲ ಸಲ ಅರ್ಧ ನಿದ್ದೆ ಮಾಡಿದ್ದೇ ಅದಕ್ಕೆ ಕಾರಣ ಅಂದ್ಕೊಳ್ಳಿ.

2013ರಲ್ಲಿ ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ 'ಮಲೆಗಳಲ್ಲಿ ಮದುಮಗಳು' ಬಂದಾಗ ನಾನಿನ್ನೂ ಎಂಜಿನಿಯರಿಂಗ್ ಓದ್ತಿದ್ದೆ. ಕುವೆಂಪು ಅವರ 1967ರ ಕಾದಂಬರಿ, ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಸಿ. ಬಸವಲಿಂಗಯ್ಯ ನಿರ್ದೇಶನ, ಹಂಸಲೇಖ ಸಂಗೀತ. ಮೊದಲು ಆಡಿದ್ದು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ. ಸುಮಾರು ಒಂಬತ್ತು ತಾಸು, ಬಯಲಲ್ಲೇ ನಾಲ್ಕು ರಂಗಸ್ಥಳ. ಒಂದು ಭಾಗ ಮುಗಿದ ಕೂಡಲೇ ಪ್ರೇಕ್ಷಕರೆಲ್ಲ ಎದ್ದು, ಕತ್ತಲಲ್ಲಿ ನಡೆದು ಮುಂದಿನದಕ್ಕೆ ಹೋಗಬೇಕು. ನಾವು ಹುಡುಗರು ಓಡೋಡಿ ಮುಂದಿನ ಸಾಲು ಹಿಡಿದು, ಅಲ್ಲೇ ತೂಕಡಿಸಿದ್ವಿ. ಗುತ್ತಿಯ ನಾಯಿ ಹುಲಿಯ ಏನಾಯ್ತು ಅಂತಲೂ ನೋಡಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಮತ್ತೊಂದು ಸುತ್ತಿನ ಪ್ರದರ್ಶನ ಬಂತು. ಆಗ ಅಪ್ಪ ಮೊಣಕಾಲು ತೋರಿಸಾಕ ಅಂತ ಅಂತೂರ ಬೆಂತೂರದಿಂದ ಬಂದಿದ್ದ. ನಮ್ಮಿಬ್ಬರ ನಡುವೆ ವರ್ಷಗಟ್ಟಲೆ ನಡೆದ ಮಾತು ಅಂದ್ರೆ ಫೋನಿನಲ್ಲಿ "ಊಟ ಆತೇನು?" ಅಷ್ಟೇ. ಒಂದು ಕಾಲಕ್ಕೆ ಊರ ಜಾತ್ರೆಯ ನಾಟಕಗಳಲ್ಲಿ ಅಪ್ಪ ಪಾತ್ರ ಮಾಡ್ತಿದ್ದನಂತೆ. ನಾನು ನೋಡಿಲ್ಲ. "ನಿಮ್ಮವ್ವ ಬ್ಯಾಡ ಅಂದ್ಲು, ಬಿಟ್ಟೆ" ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ. ಎರಡು ಟಿಕೆಟ್ ತಗೊಂಡೆ.

ಈ ಸಲ ಮೊಣಕಾಲಿನ ದೆಸೆಯಿಂದ ಎಲ್ಲರಿಗಿಂತ ಹಿಂದೆ ನಡೆದ್ವಿ. ಹಾಗಾಗಿಯೇ ಕಂಡದ್ದು: ನಾವು ಹೋಗ್ತಿದ್ದ ದಾರಿಯ ಪಕ್ಕದಲ್ಲೇ, ಮರಗಳ ಹಿಂದೆ, ನಟರ ಇನ್ನೊಂದು ದಾರಿ. ಈಗಷ್ಟೇ ಅತ್ತವಳು ಸೀರೆ ಎತ್ತಿಕಟ್ಟಿಕೊಂಡು ಓಡ್ತಿದ್ಲು. ಯಾರೋ ಮೊಬೈಲ್ ಬೆಳಕಲ್ಲಿ ಪೇಟ ಸುತ್ತಿಕೊಳ್ತಿದ್ರು. ನಾವು ಕೂರೋದಕ್ಕೆ ಮೊದಲೇ ಅವರೆಲ್ಲ ಅಲ್ಲಿ ತಯಾರಿರಬೇಕಲ್ಲ!

ಕಥೆ ಹೇಳಾಕ ಹೆಳವರು ಬಂದಾಗ ಅಪ್ಪ ನೆಟ್ಟಗೆ ಕುಂತ. "ನಮ್ಮನಿಗೂ ಬರತಿದ್ರು, ಏಳು ತಲಿಮಾರು ಬಾಯಿಪಾಠ ಹೇಳವ್ರು." ಮಲೆನಾಡಿನ ಮಾತು ಪೂರ್ತಿ ತಿಳೀತೋ ಇಲ್ಲವೋ, ಆಮೇಲೆ ನನ್ನನ್ನೇ ಮರೆತ.

ನಡುರಾತ್ರಿ ದಾಟಿದ ಮೇಲೆ ಒಂದು ವಿರಾಮದಲ್ಲಿ ಚಹಾ ತರಾಕ ಹೋದೆ. ಬಂದು ನೋಡಿದ್ರೆ ಅಪ್ಪ ಇಲ್ಲ. ಫೋನ್ ಸ್ವಿಚ್ ಆಫ್. ನೂರಾರು ಜನ, ಕತ್ತಲು, ಆ ಮೊಣಕಾಲು. ಶೌಚಾಲಯದ ಸಾಲು, ಗೇಟು ಎಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಮುಂದಿನ ರಂಗಸ್ಥಳದ ಪಕ್ಕ, ತಡಿಕೆಯ ಮರೆಯಲ್ಲಿ. ಕಲ್ಲಿನ ಮೇಲೆ ಕುಂತಿದ್ದ. ಬೈಯಬೇಕು ಅಂದ್ಕೊಂಡೆ. ಬಾಯಿ ಮೇಲೆ ಬೆರಳಿಟ್ಟು ತೋರಿಸಿದ.

ಪಾತ್ರಧಾರಿ ಹುಡುಗನೊಬ್ಬ ಒಬ್ಬನೇ ನಿಂತು, ಕಣ್ಣು ಮುಚ್ಚಿ, ಬರೇ ತುಟಿ ಅಲ್ಲಾಡಿಸ್ತಿದ್ದ. ಮಾತು ನೆನಪು ಮಾಡಿಕೊಳ್ತಿದ್ದ.

"ಅಂಜ್ಯಾನ" ಅಂದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ನಾನೂ ಒಮ್ಮಿ ಮರತಿದ್ನೆಪಾ. ಜಾತ್ರಿ ನಾಟಕ. ಪರದೆ ಹಿಂದ ಮಾಸ್ತರ್ರು ಹೇಳಿಕೊಟ್ಟೇ ಕೊಟ್ರು, ಕಿವಿಗೆ ಬೀಳವಲ್ದು. ಮಂದಿ ಸೀಟಿ ಹೊಡದ್ರು. ಮತ್ತ ಹತ್ತಲಿಲ್ಲ."

"ಅವ್ವ ಬ್ಯಾಡ ಅಂದಿದ್ದು?"

"ಆಕಿ ಏನೂ ಅಂದಿಲ್ಲ. ಹಂಗಂತ ಹೇಳೂದು ಸಸಾರಿತ್ತು."

ಹುಡುಗ ಒಳಗೆ ಹೋದ. ಅಪ್ಪನ ತುಟಿಯೂ ಅಲ್ಲಾಡ್ತಿತ್ತು. ಹುಡುಗ ಮಾತು ಮುಗಿಸಿದ, ಜನ ನಕ್ಕರು. ಅಪ್ಪ ನನ್ನ ಕೈಯಿಂದ ಆರಿದ ಚಹಾ ತಗೊಂಡ.

ಈ ಸಲ ಪೂರ್ತಿ ನೋಡಿದ್ವಿ. ಹುಲಿಯ ತುಂಗೆಯ ಪಾಲಾದಾಗ ಅಪ್ಪ ಟವೆಲ್‌ನಿಂದ ಮುಖ ಒರೆಸಿಕೊಂಡ. ಆಸ್ಪತ್ರೆ ಕೆಲಸ ಮುಗಿಸಿ ಊರಿಗೆ ಹೋಗುವಾಗ "ಅವ್ವಗ ಹೇಳಬ್ಯಾಡ" ಅಂದ.

ತಡಕೊಳ್ಳಾಕ ಆಗಲಿಲ್ಲ, ಫೋನ್ ಮಾಡಿ ಹೇಳಿಬಿಟ್ಟೆ. ಅವ್ವ ರೊಟ್ಟಿ ಬಡೀತಿದ್ಲು, ಸಪ್ಪಳ ಒಂದು ಗಳಿಗೆ ನಿಂತಿತು.

"ಗೊತ್ತದಲೇ. ಹೆಣಮಕ್ಕಳ ಕಡೆ ಮುಂದಿನ ಸಾಲಿನ್ಯಾಗ ಕುಂತಿದ್ನಿ ನಾ. ಅಂವಾ ಮರತ ಮಾತು ನನಗ ಬರತಿತ್ತು."