ಕೊನೆಯ ಪಟ್ಟನ್ನು ಯಾವಾಗ ಬಿಡಬೇಕು?

ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಜಪಾನಿನಲ್ಲೂ ಅಷ್ಟೇ. ಹಾಗಿದ್ದ ಮೇಲೆ ಅಳೆಯುವುದಕ್ಕೇನಿದೆ ಎಂದು ಗರಡಿ ಕುಸ್ತಿ ನೋಡಿ ಬೆಳೆದವರು ಕೇಳಬಹುದು. ಕರ್ಣ ಸಾಯುತ್ತಾನೆಂದು ಗೊತ್ತಿದ್ದೂ ತಾಳಮದ್ದಳೆಗೆ ಬೆಳಗಿನ ತನಕ ಕೂರುತ್ತೇವಲ್ಲ, ಯಾರ ಕರ್ಣ ಚೆನ್ನಾಗಿತ್ತೆಂದು ಆಮೇಲೆ ವಾದ ಮಾಡುತ್ತೇವಲ್ಲ, ಹಾಗೆಯೇ ಇದು ಕೂಡ.

ಕೈಗೆ ಸಿಗುವ ಒಳ್ಳೆಯ ಉದಾಹರಣೆ 2017ರ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ನಡೆದ ಪಂದ್ಯ. ನ್ಯೂ ಜಪಾನ್ ಪ್ರೊ ರೆಸ್ಲಿಂಗ್ ಸಂಸ್ಥೆಯ ಐಡಬ್ಲ್ಯುಜಿಪಿ ಹೆವಿವೇಟ್ ಬೆಲ್ಟ್ ಆಗ ಕಜುಚಿಕಾ ಒಕಾಡ ಅವರ ಸೊಂಟದಲ್ಲಿತ್ತು. ಎದುರಿಗೆ ಕೆನಡಾದ ಕೆನ್ನಿ ಒಮೆಗಾ. ಹಿಂದಿನ ವರ್ಷವಷ್ಟೇ ಜಿ1 ಕ್ಲೈಮ್ಯಾಕ್ಸ್ ಟೂರ್ನಿ ಗೆದ್ದ ಮೊದಲ ವಿದೇಶಿ. ಪಂದ್ಯ ನಡೆದದ್ದು 46 ನಿಮಿಷ 45 ಸೆಕೆಂಡು. ಗೆದ್ದವರು ಒಕಾಡ.

ನಿಯಮಗಳು ಸರಳ. ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿಸಿ ರೆಫರಿ ಮೂರು ಎಣಿಸುವವರೆಗೆ ಹಿಡಿದರೆ ಗೆಲುವು. ಕೈಯೋ ಕಾಲೋ ಹಗ್ಗಕ್ಕೆ ತಾಗಿದರೆ ಹಿಡಿತ ಬಿಡಬೇಕು. ರಿಂಗಿನ ಹೊರಗೆ ಬಿದ್ದವರಿಗೆ ಇಪ್ಪತ್ತು ಎಣಿಸುವಷ್ಟು ಅವಕಾಶ. ಈ ಬೆಲ್ಟಿನ ಪಂದ್ಯಗಳಿಗೆ ಸಾಮಾನ್ಯವಾಗಿ 60 ನಿಮಿಷದ ಗಡುವು ಇರುತ್ತಿತ್ತು. ಎಷ್ಟು ನಿಮಿಷ ಕಳೆಯಿತೆಂದು ನಡುನಡುವೆ ಮೈಕಿನಲ್ಲಿ ಸಾರುತ್ತಾರೆ. ಸುಮ್ಮನೆ ಸಾರುವುದಲ್ಲ ಅದು, ನೋಡುವವರ ಆತಂಕ ಏರಿಸುವ ಸಾಧನವೂ ಹೌದು.

ಮೊದಲ ಹದಿನೈದು ನಿಮಿಷ ಹೊಸಬರಿಗೆ ಬೇಸರ ತರಿಸಬಹುದು. ಕುತ್ತಿಗೆ ಹಿಡಿಯುವುದು, ತೋಳು ತಿರುಚುವುದು, ಬಿಡಿಸಿಕೊಳ್ಳುವುದು, ಅಷ್ಟೇ. ವಿಡಿಯೊ ಓಡಿಸಿ ಮುಂದೆ ಹೋಗಬೇಡಿ. ಯಾವ ಅಂಗಕ್ಕೆ ಪೆಟ್ಟು ಬೀಳುತ್ತಿದೆ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ. ಮೊಣಕಾಲಿಗೆ ಏಟು ತಿಂದವರು ಅರ್ಧ ಗಂಟೆಯ ನಂತರ ಎದುರಾಳಿಯನ್ನು ಹೆಗಲಿಗೆತ್ತುವಾಗ ಆ ಕಾಲು ನಡುಗಬೇಕು. ನಡುಗದಿದ್ದರೆ ಮೊದಲಿನ ಕಾಲು ಗಂಟೆ ದಂಡ, ನಾನಂತೂ ಅಂಕ ಕಡಿಯುತ್ತೇನೆ.

ನಿಜವಾದ ಲೆಕ್ಕಾಚಾರ ಇರುವುದು ಮುಗಿಸುವ ಪಟ್ಟಿನಲ್ಲಿ. ಪ್ರತಿಯೊಬ್ಬರಿಗೂ ಅಂಥದ್ದೊಂದು ಇರುತ್ತದೆ. ಒಕಾಡ ಅವರದು ರೇನ್‌ಮೇಕರ್: ಹಿಂದೆ ನಿಂತು ಎದುರಾಳಿಯ ಮಣಿಕಟ್ಟು ಹಿಡಿದು, ಗಿರಕ್ಕನೆ ತಿರುಗಿಸಿ, ತನ್ನ ಕಡೆಗೆ ಜಗ್ಗಿ ಮುಂದೋಳಿನಿಂದ ಕತ್ತಿಗೆ ಹೊಡೆಯುವುದು. ಇದರಲ್ಲಿ ನೋಡಬೇಕಾದ್ದು ಹೊಡೆತಕ್ಕಿಂತ ಆ ಮಣಿಕಟ್ಟು. ಹೊಡೆತ ತಪ್ಪಿದರೂ, ಇಬ್ಬರೂ ಕುಸಿದರೂ ಒಕಾಡ ಕೈ ಬಿಡದೆ ಹಿಡಿದಿರುತ್ತಾರೆ. ಬೆರಳುಗಳು ಇನ್ನೂ ಬಿಗಿದಿರುವುದನ್ನು ಕಂಡೊಡನೆ ಸಭೆ ಕೂಗುತ್ತದೆ, ಇನ್ನೊಂದು ಬರಲಿದೆಯೆಂದು. ಒಮೆಗಾ ಅವರದು ಒನ್ ವಿಂಗ್ಡ್ ಏಂಜಲ್. ಎದುರಾಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ತಲೆ ಕೆಳಗಾಗಿ ಕೆಡವುವುದು.

ಆ ಜನವರಿಯ ರಾತ್ರಿ ರೇನ್‌ಮೇಕರ್ ಒಂದಕ್ಕೆ ಒಮೆಗಾ ಸೋಲಲಿಲ್ಲ, ಭುಜ ಎತ್ತಿದರು. ಮತ್ತೆ ಮತ್ತೆ ಹೊಡೆಯಬೇಕಾಯಿತು. ಮೇಲಿನ ಹಗ್ಗದಾಚೆಗೆ ಹಾರಿ ಕೆಳಗಿದ್ದ ಮೇಜನ್ನು ಮುರಿದುಕೊಂಡು ಬಿದ್ದರೂ ಒಮೆಗಾ ಎದ್ದು ಬಂದರು. ಆದರೆ ಅಷ್ಟು ಹೊತ್ತಿನಲ್ಲಿ ಒನ್ ವಿಂಗ್ಡ್ ಏಂಜಲ್ ಒಮ್ಮೆಯೂ ಕೂಡಿಬರಲಿಲ್ಲ. ಹೆಗಲಿಗೇರಿಸಿದರೂ ಒಕಾಡ ಜಾರಿಕೊಂಡರು. ಮೇಜು ಮುರಿದದ್ದಕ್ಕಿಂತ ಇದಕ್ಕೇ ನಾನು ಹೆಚ್ಚು ಬೆಲೆ ಕೊಡುವುದು. ಸೋತವರ ಕೈಯಲ್ಲಿ ಬಳಸದ ಅಸ್ತ್ರವೊಂದು ಉಳಿದಿತ್ತು.

ಅದೇ ವರ್ಷ ಜೂನ್ 11ರಂದು ಒಸಾಕಾದಲ್ಲಿ ನಡೆದ ಮರುಪಂದ್ಯದಲ್ಲಿ ಅದು ಕೊನೆಗೂ ಬಿತ್ತು. ಒಕಾಡ ಭುಜ ಎತ್ತಲಿಲ್ಲ, ಕಾಲನ್ನು ಹಗ್ಗದ ಮೇಲೆ ಹಾಕಿ ಪಾರಾದರು. ಪಟ್ಟಿನ ಮಾನವೂ ಉಳಿಯಿತು, ಬೆಲ್ಟೂ ಉಳಿಯಿತು. 60 ನಿಮಿಷ ಮುಗಿದು ಪಂದ್ಯ ಡ್ರಾ ಆಯಿತು. ಆಗಸ್ಟ್ 12ರಂದು, ಬೆಲ್ಟ್ ಪಣಕ್ಕಿಲ್ಲದ ಜಿ1 ಪಂದ್ಯದಲ್ಲಿ, ಅದೇ ಪಟ್ಟಿನಿಂದ ಒಮೆಗಾ 24 ನಿಮಿಷ 40 ಸೆಕೆಂಡಿನಲ್ಲಿ ಗೆದ್ದರು.

ಇನ್ನು ಪಂದ್ಯಗಳಿಗೆ ವಿಮರ್ಶಕರು ಕೊಡುವ ನಕ್ಷತ್ರಗಳ ವಿಷಯ. ಅಮೆರಿಕದ ಪತ್ರಕರ್ತ ಡೇವ್ ಮೆಲ್ಟ್ಜರ್ ಐದರ ಅಳತೆಗೋಲಿನಲ್ಲಿ ಜನವರಿಯ ಪಂದ್ಯಕ್ಕೆ ಆರು ಕೊಟ್ಟರು, ಇದೇ ಜೋಡಿಯ 2018ರ ಪಂದ್ಯಕ್ಕೆ ಏಳು. ಅಳತೆಗೋಲೇ ಉದ್ದವಾಗುತ್ತ ಹೋದರೆ ಅದರಿಂದ ಏನನ್ನು ಅಳೆಯುವುದು?

ಏಟಿನ ಬಿರುಸಿನ ಬಗ್ಗೆ ಮಾತ್ರ ಎಚ್ಚರ ಬೇಕು. ಜಪಾನಿನ ಈ ಶೈಲಿಯಲ್ಲಿ ಮೊಣಕೈ, ಒದೆತ ಮೈಗೆ ನಿಜವಾಗಿಯೇ ತಾಗುತ್ತವೆ. 2017ರ ಏಪ್ರಿಲ್ 9ರಂದು ಟೋಕಿಯೊದ ರ್‍ಯೋಗೊಕು ಸುಮೊ ಸಭಾಂಗಣದಲ್ಲಿ ಕತ್ಸುಯೊರಿ ಶಿಬಾಟಾ ಇದೇ ಬೆಲ್ಟಿಗಾಗಿ ಒಕಾಡ ಅವರ ಹಣೆಗೆ ಹಣೆ ಡಿಕ್ಕಿ ಹೊಡೆದರು. ಕೈ ಅಡ್ಡ ಇಡಲಿಲ್ಲ, ಬರೀ ಎಲುಬಿಗೆ ಎಲುಬು. ಶಿಬಾಟಾ ಹಣೆಯಿಂದ ನೆತ್ತರು ಸಣ್ಣಗೆ ಇಳಿಯಿತು. ಪಂದ್ಯ ಸೋತು ಒಳಗೆ ಹೋದವರು ಕುಸಿದುಬಿದ್ದರು. ಮಿದುಳಿನ ಹೊರಪದರದಡಿ ರಕ್ತಸ್ರಾವವಾಗಿ ಶಸ್ತ್ರಚಿಕಿತ್ಸೆ ಆಯಿತು. ವರ್ಷಗಟ್ಟಲೆ ಪಂದ್ಯವಿಲ್ಲ. ಆ ಡಿಕ್ಕಿಯನ್ನು ಶೌರ್ಯವೆಂದು ಹೊಗಳುವವರು ಇಂದಿಗೂ ಇದ್ದಾರೆ. ನಾನದನ್ನು ಕಸುಬಿನ ತಪ್ಪೆಂದೇ ಎಣಿಸುವವನು. ನೋವನ್ನು ನಂಬಿಸುವುದು ಇವರ ಕಸುಬು. ಅದನ್ನು ತಾವೇ ತಿಂದು ತೋರಿಸಬೇಕಾಗಿಲ್ಲ.

ಹೊಸದಾಗಿ ನೋಡುವವರು 2017ರ ಮೂರನ್ನೂ ಇದೇ ಕ್ರಮದಲ್ಲಿ, ಬೇರೆ ಬೇರೆ ದಿನ ನೋಡಿ. 2018ರ ಜೂನ್ 9ರದನ್ನು ಆಮೇಲೆ ಇಟ್ಟುಕೊಳ್ಳಿ. ಮೂರರಲ್ಲಿ ಎರಡು ಗೆಲ್ಲಬೇಕಾದ, ಕಾಲಮಿತಿಯೇ ಇಲ್ಲದ ಪಂದ್ಯ. ಒಂದು ಗಂಟೆ ದಾಟುತ್ತದೆ. ಒಕಾಡ 720 ದಿನ ಹಿಡಿದಿಟ್ಟಿದ್ದ ಬೆಲ್ಟು ಅಲ್ಲಿ ಒಮೆಗಾ ಕೈಗೆ ಹೋಗುತ್ತದೆ, ಹೆಗಲ ಮೇಲಿನಿಂದ ಕೆಡವುವ ಅದೇ ಪಟ್ಟಿನಿಂದ.