ಬೆಳಗಿನ ಡಿಕಾಕ್ಷನ್, ಸಂಜೆಯ ಪಾಠ

ನಾನು ಕಂಪ್ಯೂಟರ್ ಪಂಡಿತನಲ್ಲ. ಸುಮಾರು 30 ವರ್ಷಗಳಿಂದ ಸ್ಟೆತಾಸ್ಕೋಪ್ ಹಿಡಿದಿರುವ ವೈದ್ಯ. ಆದರೂ ಕನ್ನಡ ಕೂಟದ ಸಮಿತಿಗೆ ಸೇರಿದ ತಪ್ಪಿಗೆ ವೆಬ್‌ಸೈಟಿನ ಹೊಣೆಯೂ ನನ್ನ ಹೆಗಲೇರಿತು.

ಕಳೆದ ವರ್ಷ ರಾಜ್ಯೋತ್ಸವದ ಟಿಕೆಟ್ ಮಾರಾಟ ಶುರುವಾದ ಸಂಜೆ ಎಲ್ಲರೂ ಒಮ್ಮೆಗೇ ಮುಗಿಬಿದ್ದರು. ಪುಟ ತೆರೆಯಲು ನಿಮಿಷಗಟ್ಟಲೆ ಹಿಡಿಯಿತು. "ಡಾಕ್ಟ್ರೇ, ನಿಮ್ಮ ವೆಬ್‌ಸೈಟಿಗೇ ಹಾರ್ಟ್ ಅಟ್ಯಾಕ್ ಆಗಿದೆ!" ಎಂದು ಫೋನಿನ ಮೇಲೆ ಫೋನು. ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳನ್ನು ಕೇಳಿದೆ. "ಅಪ್ಪಾ, ನಿಮ್ಮ ಸರ್ವರ್‌ನಲ್ಲಿ ಕ್ಯಾಶ್ ಇಲ್ಲ" ಎಂದಳು. "ದುಡ್ಡು ಕಟ್ಟಿ ಆಗಿದೆಯಲ್ಲಮ್ಮ!" ಎಂದೆ.

ನಕ್ಕು, ಬಿಡಿಸಿ ಹೇಳಿದಳು. ನನಗೆ ನೆನಪಾದದ್ದು ಅಮ್ಮನ ಅಡುಗೆಮನೆ. ಹಬ್ಬದ ದಿನ ಬಂದ ಒಬ್ಬೊಬ್ಬ ನೆಂಟರಿಗೂ ಅಮ್ಮ ಹೊಸದಾಗಿ ಫಿಲ್ಟರಿಗೆ ಪುಡಿ ಹಾಕುತ್ತಿರಲಿಲ್ಲ. ಮೊದಲೇ ಡಿಕಾಕ್ಷನ್ ಇಳಿಸಿಟ್ಟು, ಬಂದವರಿಗೆ ಬಿಸಿ ಹಾಲು ಬೆರೆಸಿ ಕೊಡುತ್ತಿದ್ದಳು. ನಮ್ಮ ಸರ್ವರ್ ಮಾತ್ರ ಪ್ರತಿಯೊಬ್ಬರಿಗೂ ಡೇಟಾಬೇಸ್ ತಡಕಿ, ಅದೇ ಪುಟವನ್ನು ಮೊದಲಿನಿಂದ ಕಟ್ಟುತ್ತಿತ್ತು. ಒಮ್ಮೆ ಕಟ್ಟಿದ ಪುಟವನ್ನು ಸರ್ವರ್‌ನಲ್ಲೇ ಇಟ್ಟುಕೊಂಡು ಮುಂದಿನವರಿಗೂ ಅದನ್ನೇ ಕೊಡುವುದು ಕ್ಯಾಶಿಂಗ್.

ದೊಡ್ಡವರ ಮನೆಯಲ್ಲೂ ಇದೇ ಉಪಾಯ. ಲೈವ್‌ಜರ್ನಲ್ ತಾಣಕ್ಕಾಗಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 2003ರಲ್ಲಿ ಮೆಮ್‌ಕ್ಯಾಶ್‌ಡ್ ಬರೆದರು. ವಿಕಿಪೀಡಿಯಾದಲ್ಲಿ ಲಾಗಿನ್ ಆಗದೆ ಓದುವವರಿಗೆ ಹೆಚ್ಚಾಗಿ ಸಿಗುವುದು ಕ್ಯಾಶ್‌ನಲ್ಲಿರುವ ಪ್ರತಿಯೇ. 2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಕೊಂಡಾಗ ಅವರ ಪುಟಕ್ಕೆ ಪದೇ ಪದೇ ತಿದ್ದುಪಡಿಯಾಗಿ, ಇಟ್ಟ ಪ್ರತಿ ಅಳಿಯುತ್ತಲೇ ಹೋಯಿತು. ಸರ್ವರ್‌ಗಳೆಲ್ಲ ಒಟ್ಟಿಗೇ ಅದೇ ಪುಟ ಕಟ್ಟಲು ಹೊರಟು ವಿಕಿಪೀಡಿಯಾ ಏದುಸಿರುಬಿಟ್ಟಿತು. ಹಾಗಾಗದಂತೆ ತಡೆಯಲು ಆಮೇಲೆ ಪೂಲ್‌ಕೌಂಟರ್ ಎಂಬ ವ್ಯವಸ್ಥೆ ಬಂತು.

ನಾವೂ ಕ್ಯಾಶ್ ಹಾಕಿಸಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಬರತೊಡಗಿತು. "ಪ್ರತಿ 24 ಗಂಟೆ ಇರಲಿ" ಎಂದವನು ನಾನೇ. ಕಾರ್ಯಕ್ರಮದ ದಿನ ಬೆಳಿಗ್ಗೆ ಸಭಾಂಗಣದ ಹೀಟರ್ ಕೆಟ್ಟು ಜಾಗ ಬದಲಾಯಿತು. ವಿಳಾಸ ತಿದ್ದಿದೆವು, ಹಳೆಯ ಪ್ರತಿ ಅಳಿಸಬೇಕೆಂದು ತೋಚಲಿಲ್ಲ. ಊರಿನಿಂದ ಬಂದಿದ್ದ ಹಿರಿಯ ದಂಪತಿಯನ್ನು ಮಗ ಹಳೆಯ ವಿಳಾಸದಲ್ಲೇ ಇಳಿಸಿ ಡ್ಯೂಟಿಗೆ ಹೋಗಿದ್ದ. ಬೀಗ ಹಾಕಿದ ಬಾಗಿಲ ಮುಂದೆ, ನವೆಂಬರ್ ಚಳಿಯಲ್ಲಿ, ಮುಕ್ಕಾಲು ಗಂಟೆ ನಿಂತಿದ್ದರು. ಸುದ್ದಿ ತಿಳಿದು ಕಾರು ತೆಗೆದುಕೊಂಡು ಓಡಿದೆ. ಆ ತಾಯಿ ಬೈಯಲಿಲ್ಲ. "ಬರೆದಿದ್ದನ್ನ ನಂಬಿ ಬಂದ್ವಪ್ಪ" ಎಂದರಷ್ಟೆ.

ತಲೆ ತಗ್ಗಿಸಿದೆ. ಕಿಡ್ನಿ ರೋಗಿಯ ಹೋದ ವಾರದ ಪೊಟ್ಯಾಸಿಯಂ ವರದಿ ನಂಬಿ ನಾನು ಇಂದು ಔಷಧಿ ಬರೆಯುವುದಿಲ್ಲ. ರಕ್ತದ ಗುಂಪು ಗೊತ್ತಿದ್ದರೂ ರಕ್ತ ಕೊಡುವ ಮುನ್ನ ಮತ್ತೆ ಹೊಂದಿಸಿ ನೋಡುತ್ತೇವೆ. ಆ ಎಚ್ಚರವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದೆ.

ಈಗ ನಮ್ಮ ನಿಯಮ ಸರಳ. ಕೂಟದ ಇತಿಹಾಸ, ಹಳೆಯ ಫೋಟೋಗಳ ಪುಟ ಒಂದು ದಿನ ಇರಲಿ. ಕಾರ್ಯಕ್ರಮದ ಸ್ಥಳ, ಸಮಯದ ಪುಟಕ್ಕೆ 5 ನಿಮಿಷ ಮಾತ್ರ ಆಯುಸ್ಸು. ತಿದ್ದಿದ ಕೂಡಲೇ ಹಳೆಯದನ್ನು ಅಳಿಸಬೇಕು. ಒಬ್ಬೊಬ್ಬರ ರಸೀದಿ ಎಲ್ಲರಿಗೂ ಹಂಚುವ ಕ್ಯಾಶ್‌ಗೆ ಹೋಗಲೇಬಾರದು. ಹೋದರೆ ನಿಮ್ಮ ರಸೀದಿ ಪಕ್ಕದ ಮನೆಯವರ ಪರದೆಯಲ್ಲಿ!

ಅಮ್ಮ ಸಂಜೆಯ ನೆಂಟರಿಗೆ ಬೆಳಗಿನ ಡಿಕಾಕ್ಷನ್ ಕೊಟ್ಟವಳಲ್ಲ. ಚೆಲ್ಲಿ, ಹೊಸ ಪುಡಿ ಹಾಕುತ್ತಿದ್ದಳು. ಅಷ್ಟು ಬೇಗ ಮರೆತೆನಲ್ಲ!

ಈ ಸಲವೂ ವಿಳಾಸ ನೋಡಿಕೊಂಡು ತಪ್ಪದೆ ಬನ್ನಿ. ಬಾಗಿಲಲ್ಲಿ ನಾನಿರುತ್ತೇನೆ.